ಎಲ್ಲಾರನ್ನೂ ಒಳಗ ಕರಕೊಳ್ಳೂ ಕಂಪನಿ

ದೊಡ್ಡವರು ಸಣ್ಣವರನ್ನು ಉದ್ಧಾರ ಮಾಡಲು ಹೊರಟಾಗಲೆಲ್ಲ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ. ಹೀಗಾಗದ ವರ್ಷವೇ ಇಲ್ಲ. ಸಿಟ್ಟನ್ನು ಗೇಟಿನ ಮುಂದೆ ನಿಂತು ಕೂಗಿ ತೀರಿಸಿಕೊಂಡಿದ್ದೇನೆ. ನಗು ಉಳಿದಿತ್ತು, ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹಾರೂಗೇರಿಯವನು. ರಾಯಬಾಗ ತಾಲೂಕಿನ ಒಂದು ದೊಡ್ಡ ಕಂಪನಿಯಲ್ಲಿ ಫಿಟ್ಟರ್. ಕಬ್ಬು ಒಳಗೆ ಹೋಗಿ ಸಕ್ಕರೆ, ಸ್ಪಿರಿಟ್, ಕರೆಂಟು ಆಗಿ ಹೊರಗೆ ಬರುವ ಕಂಪನಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಕಾರ್ಮಿಕ ಕಾಯ್ದೆಯ ಪುಸ್ತಕವನ್ನು ಮಿರಜಿನ ರದ್ದಿ ಅಂಗಡಿಯಲ್ಲಿ ಕೊಂಡು ಓದಿದೆ. ಸಾಹೇಬರ ಟೇಬಲ್ಲಿನ ಮೇಲೆ ಬಡಿದು ಬಡಿದು ಅದರ ರಟ್ಟು ಹಾರಿಹೋಗಿದೆ. ಮುಂಬೈ ಆಫೀಸಿನಿಂದ ‘ವೈವಿಧ್ಯ ಮತ್ತು ಒಳಗೊಳ್ಳುವಿಕೆ’ ಎಂಬ ಹೊಸ ಹುಕುಂ ಬಂದಾಗ ನನ್ನನ್ನು ಅದರ ಸಮಿತಿಗೆ ಹಾಕಿದ್ದು ಇದೇ ಕಾರಣಕ್ಕೆ. ಬೈಯುವವನನ್ನು ಒಳಗೆ ಕೂಡಿಸಿ ಚಹಾ ಬಿಸ್ಕೀಟು ಕೊಟ್ಟರೆ ಬೈಗುಳ ಮೆತ್ತಗಾಗುತ್ತದೆ ಎಂದು ಅವರ ಅಂದಾಜು. ಬಿಸ್ಕೀಟು ತಿಂದೆ. ಬೈಗುಳ ಹಾಗೇ ಇದೆ.

ಹುಕುಮಿನ ಅರ್ಥ ಇಷ್ಟೇ: ಕಂಪನಿಯ ಕೆಲಸದಲ್ಲೂ ಕಂಪನಿಗೆ ಮಾಲು ಕೊಡುವವರಲ್ಲೂ ಹೆಂಗಸರು, ದಲಿತರು, ಅಲ್ಪಸಂಖ್ಯಾತರು, ಅಂಗವಿಕಲರು ಇರಬೇಕು. ಮಾಡಿ ತೋರಿಸಿದ ಕಾರ್ಖಾನೆಗೆ ಮುಂಬೈಯ ದೊಡ್ಡ ಸಾಹೇಬರು ಬಂದು ಪ್ರಶಸ್ತಿ ಕೊಡುತ್ತಾರೆ. ನಮ್ಮ ಮಂದಿ ಇದಕ್ಕೆ ‘ಒಳಗ ಕರಕೊಳ್ಳೂ ಸ್ಕೀಮ್’ ಎಂದು ಹೆಸರಿಟ್ಟರು.

ಈ ಸ್ಕೀಮನ್ನು ಖರೇ ಎಂದು ನಂಬಿದವಳು ಇಡೀ ಸೀಮೆಗೆ ಒಬ್ಬಳೇ. ಅಥಣಿ ಬದಿಯ ಹಳ್ಳಿಯ ಸಮಗಾರ ಓಣಿಯ ಹೆಂಗಸು, ವಯಸ್ಸು ಅರವತ್ತರ ಮೇಲೆ. ನಾವೆಲ್ಲ ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ. ಹತ್ತು ಹೆಂಗಸರ ಸಂಘ ಕಟ್ಟಿಕೊಂಡು ಚಪ್ಪಲಿ ಹೊಲಿಯುತ್ತಾಳೆ. ನಮ್ಮ ಕಂಪನಿ ಪ್ರತಿ ವರ್ಷ ಅತಿಥಿಗಳಿಗೆ ಕಾಣಿಕೆ ಕೊಡುವುದು ಆಕೆಯ ಚಪ್ಪಲಿಯನ್ನೇ. ಆದರೆ ಕೊಳ್ಳುವುದು ಕೊಲ್ಲಾಪುರದ ಒಬ್ಬ ವ್ಯಾಪಾರಿಯಿಂದ. ಆ ವ್ಯಾಪಾರಿ ಕೊಳ್ಳುವುದು ಮಾವಶಿಯ ಓಣಿಯಿಂದ. ಚಪ್ಪಲಿ ಅಥಣಿಯಲ್ಲಿ ಹುಟ್ಟಿ, ಗಡಿ ದಾಟಿ ಕೊಲ್ಲಾಪುರಿ ಎಂದು ಹೆಸರಿಟ್ಟುಕೊಂಡು, ತಿರುಗಿ ಗಡಿ ದಾಟಿ ನಮ್ಮಲ್ಲಿಗೆ ಬರುತ್ತಿತ್ತು. ವ್ಯಾಪಾರಿ ವರ್ಷಾ ವರ್ಷಾ ದರ ಇಳಿಸಿದ್ದರಿಂದ ಓಣಿಯ ಅರ್ಧ ಮಂದಿ ಸಾಂಗಲಿಗೆ ಗವಂಡಿ ಕೆಲಸಕ್ಕೆ ಹೋಗಿ ಆಗಿತ್ತು.

“ನಿಮ್ಮ ಯಾದಿಯಾಗ ನಮ್ಮ ಸಂಘದ ಹೆಸರ ಹಾಕ್ರಿ. ನಾನ ತಂದ ಕೊಡ್ತೇನಿ” ಎಂಬುದು ಮಾವಶಿಯ ಒಂದೇ ಬೇಡಿಕೆ. ಯಾದಿಗೆ, ಅಂದರೆ ಕಂಪನಿಗೆ ನೇರವಾಗಿ ಮಾಲು ಕೊಡುವವರ ಪಟ್ಟಿಗೆ, ಹೆಸರು ಬೀಳದಿದ್ದರೆ ಉಳಿದ ಹತ್ತು ಮಂದಿಯೂ ಹೊಲಿಗೆ ಬಿಟ್ಟು ಸಿಮೆಂಟು ಹೊರಲು ಹೋಗುವವರೇ. ಆ ಯಾದಿಗಾಗಿ ಮಾವಶಿ ಓಡಾಡಿದ ವರ್ಷದ ಕಥೆ ಇದು.

ಇದ್ದಂಗ ಇರ್ರಿ

ಸಮಿತಿಯ ಮೊದಲ ಕೆಲಸ ಯಾರಿಗೂ ನೌಕರಿ ಕೊಡುವುದಾಗಿರಲಿಲ್ಲ, ಯಾರ ಹೆಸರನ್ನೂ ಯಾದಿಗೆ ಹಾಕುವುದಾಗಿರಲಿಲ್ಲ. ಪೋಸ್ಟರ್ ಮಾಡಿಸುವುದಾಗಿತ್ತು. ಚಿಕ್ಕೋಡಿಯಿಂದ ಫೋಟೋದವನು ಬಂದ. ನನ್ನನ್ನೂ, ಕಬ್ಬಿನ ಗಾಡಿ ತೂಗುವ ಕ್ಲಾರ್ಕನನ್ನೂ ಹೂವಿನ ಕುಂಡಗಳ ಮುಂದೆ ನಿಲ್ಲಿಸಿದರು. ಕ್ಲಾರ್ಕನಿಗೆ ಸಣ್ಣಂದಿನಲ್ಲಿ ಪೋಲಿಯೊ ಆಗಿ ಒಂದು ಕಾಲು ಸೊರಗಿದೆ. ಪ್ಯಾಂಟಿನೊಳಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಮಗಿಂತ ಚುರುಕಾಗಿ ನಡೆಯುತ್ತಾನೆ.

ಸಿಬ್ಬಂದಿ ವಿಭಾಗದ ಎಚ್ಚಾರ್ ಸಾಹೇಬರು ನನ್ನನ್ನು ನೋಡಿ ಮುಖ ಹುಳ್ಳಗೆ ಮಾಡಿದರು.

“ನಿಮ್ಮ ಟೊಪಗಿ ಎಲ್ಲೈತಿ?”

“ಹೆಲ್ಮೆಟ್ ಏನ್ರಿ?”

“ಅಲ್ಲಪಾ, ನಿಮ್ಮ ಮಂದಿ ಟೊಪಗಿ. ಬಿಳೀದು.”

“ಅದು ನಮಾಜಿಗೆ ಹಾಕ್ಕೊಳ್ಳೂದ್ರಿ. ಬಾಯ್ಲರ್ ಮುಂದ ಹಾಕ್ಕೊಂಡ ನಿಂತ್ರ ಅಡಿಗಿ ಮಾಡಾಂವ ಅಂತ ತಿಳೀತಾರ.”

“ಹಂಗಾದ್ರ ನೀವು ಮುಸ್ಲಿಂ ಅಂತ ನೋಡಿದವರಿಗೆ ಗೊತ್ತಾಗೂದು ಹೆಂಗ?”

“ಹಾರೂಗೇರ್ಯಾಗ ಎಲ್ಲಾರಿಗೂ ಗೊತ್ತೈತ್ರಿ.”

“ಮುಂಬೈದಾಗ ಗೊತ್ತಾಗಬೇಕಲ್ಲ!”

ಪೇಟೆಗೆ ಮೋಟಾರ್ ಸೈಕಲ್ ಓಡಿಸಿ ಒಂದು ಟೊಪಗಿ ತರಿಸಿದರು. ಅದು ಸಣ್ಣ ಮಕ್ಕಳ ಅಳತೆಯದು. ನನ್ನ ತಲೆಯ ಮೇಲೆ ಬೋರಲು ಹಾಕಿದ ಸಣ್ಣ ಬಟ್ಟಲಿನ ಹಾಗೆ ಕುಳಿತಿತು. ಅಷ್ಟರಲ್ಲಿ ಫೋಟೋದವನು ಇನ್ನೊಂದು ತಕರಾರು ತೆಗೆದ: “ಸರ್, ಇವರ ಕಾಲಿಂದು ಏನೂ ಕಾಣಾಕತ್ತಿಲ್ರಿ.”

ಔಷಧ ಕೋಣೆಯಿಂದ ಒಂದು ಊರುಗೋಲು ಬಂತು. ಕ್ಲಾರ್ಕ್ ಕೈಮುಗಿದ: “ಸರ್, ಹುಟ್ಟಿದಾಗಿಂದ ಕೋಲ ಹಿಡದಿಲ್ರಿ. ಇದನ್ನ ಹಿಡಿದ್ರ ನನಗ ನಿಂದ್ರಾಕ ಬರೂದಿಲ್ಲ.”

“ಒಂದ ನಿಮಿಷದ ಮಾತ್ರಿ.”

ಒಂದು ನಿಮಿಷವೂ ಬೇಕಾಗಲಿಲ್ಲ. ಕೋಲು ಜಾರಿತು. ಅವನು ನನ್ನನ್ನು ಹಿಡಿದ. ನಾನು ಕುಂಡ ಹಿಡಿದೆ. ಮೂವರೂ ಬಿದ್ದೆವು. ಅವನ ಮೊಣಕೈಗೆ ದೊಡ್ಡ ಪಟ್ಟಿ ಸುತ್ತಿ ಮತ್ತೆ ನಿಲ್ಲಿಸಿದಾಗ ಎಚ್ಚಾರ್ ಸಾಹೇಬರಿಗೆ ಬಹಳ ಸಂತೋಷವಾಯಿತು: “ಈಗ ನೋಡ್ರಿ ಬರೋಬರಿ ಕಾಣತೈತಿ!”

ಹದಿನೈದು ದಿನಕ್ಕೆ ಪೋಸ್ಟರ್ ಗೇಟಿಗೆ ಬಂತು. ನನ್ನ ತಲೆಯ ಮೇಲೆ ಬೇರೆ ಯಾರದೋ ಟೊಪಗಿ, ಅವನ ಬಗಲಲ್ಲಿ ಬೇರೆ ಯಾರದೋ ಕೋಲು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ನಮ್ಮಲ್ಲಿ ನೀವು ಇರುವಂತೆಯೇ ಇರಬಹುದು.’

ಇಪ್ಪತ್ತು ಟ್ರಕ್ಕಿನ ಒಡತಿ

ಪೋಸ್ಟರ್ ನೋಡಿಯೇ ಮಾವಶಿ ಅರ್ಜಿ ತಂದಳು. ಖರೀದಿ ಸಾಹೇಬರು ಅದನ್ನು ಒಂದು ಬೆರಳಿನಿಂದ ದೂಡಿದರು.

“ಮಹಿಳಾ ಪೂರೈಕೆದಾರರ ಯಾದಿ ತುಂಬೇತ್ರಿ. ಆಗಲೇ ಏಳು ಮಂದಿ ಅದಾರ.”

ನಮ್ಮ ಕಂಪನಿಗೆ ಮಾಲು ಕೊಡುವ ಏಳು ಹೆಂಗಸರನ್ನು ಇಷ್ಟು ವರ್ಷದಲ್ಲಿ ನಾನು ಕಣ್ಣಿಂದ ಕಂಡಿರಲಿಲ್ಲ. ಸಮಿತಿಯ ಸದಸ್ಯನಲ್ಲವೇ ನಾನು? ಯಾದಿ ಇಸಿದುಕೊಂಡು ಸಾಹೇಬರ ಎದುರೇ ಮೊದಲನೇ ನಂಬರಿಗೆ ಫೋನ್ ಹಚ್ಚಿದೆ. ಇಪ್ಪತ್ತು ಟ್ರಕ್ಕಿನ ಸಾಗಾಣಿಕೆ ಸಂಸ್ಥೆ. ಎತ್ತಿದ್ದು ಗಂಡಸು.

“ಮಾಲಕಿಣ್ ಬಾಯೀರನ್ನ ಕರೀರಿ.”

“ಏನಿದ್ರೂ ನನ್ನ ಮುಂದ ಹೇಳ್ರಿ. ಆಕಿ ರೊಟ್ಟಿ ಬಡಿಯಾಕತ್ತಾಳ.”

“ಬಡೀಲಿ. ಫೋನ್ ಕಿವಿಗೆ ಹಿಡೀರಿ.”

ತಟತಟ ಸದ್ದು ನಿಂತಿತು. ಒಂದು ಅಂಜಿದ ದನಿ ಬಂತು: “ಯಾರ್ರಿ?”

“ಅಕ್ಕಾರ, ನಾವು ಕಂಪನಿಯವರು. ನಿಮ್ಮ ಇಪ್ಪತ್ತು ಟ್ರಕ್ ಸುದ್ದಿ ಮಾತಾಡೂದಿತ್ತು.”

“ಯಾರ ಟ್ರಕ್ಕು?”

“ನಿಮ್ಮಾವ್ರಿ. ಕಾಗದದ ಮ್ಯಾಲ ಸಂಸ್ಥಾ ನಿಮ್ಮ ಹೆಸರಿಲೇ ಐತಿ. ಸಹಿನೂ ನಿಮ್ಮದ.”

ದನಿ ಏರಿತು, ಆದರೆ ನನ್ನ ಮೇಲಲ್ಲ, ಗಂಡನ ಮೇಲೆ. “ಏನ್ರೀ! ಇಪ್ಪತ್ತ ಟ್ರಕ್ ನನ್ನಾವಂತ! ಮತ್ತ ಮೊನ್ನೆ ತವರಮನಿಗೆ ಹೊಂಟ್ರ, ಆಧಾರ್ ಕಾರ್ಡ್ ತೋರ್ಸಿ ಫುಕಟ್ ಬಸ್ಸಿನಾಗ ನಿಂತ ಹೋಗು ಅಂದ್ರೆಲ್ಲಾ?”

ಫೋನ್ ಕಟ್ಟಾಯಿತು. ಉಳಿದ ಆರು ಮಂದಿಗೆ ಹಚ್ಚಲು ಖರೀದಿ ಸಾಹೇಬರು ಬಿಡಲಿಲ್ಲ. ಮಾವಶಿಯ ಅರ್ಜಿಯನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುವಿ, ಹೊಸ ಕೊರತೆಯೊಂದನ್ನು ಹುಡುಕಿದರು.

“ನಿಮ್ಮ ಸಂಘದಾಗ ಗಂಡಸರ ಹೆಸರ ಒಂದೂ ಇಲ್ಲಲ್ಲ?”

“ಹೆಣ್ಮಕ್ಕಳ ಸಂಘ ಐತ್ರಿ” ಎಂದಳು ಮಾವಶಿ.

“ಅದ ಖರೇ. ಆದರೂ ಮಹಿಳಾ ಸಂಸ್ಥಾ ಅಂದ ಮ್ಯಾಲ ಜವಾಬ್ದಾರಿಗೆ ಒಬ್ಬ ಗಂಡಸು ಬ್ಯಾಡೇನ್ರಿ?”

ಹೊರಗ ನಿಲ್ರಿ

ಇದು ಸಣ್ಣ ಪ್ರಸಂಗ. ಮುಂಬೈಯಿಂದ ತರಬೇತಿಯವರು ಬಂದರು. ಸಭಾಂಗಣ ಕಾಯಂ ನೌಕರರಿಂದ ತುಂಬಿತು. ಭಾಷಣ ಇಂಗ್ಲಿಷಿನಲ್ಲಿ. ಅರ್ಥವಾದವರು ಇಬ್ಬರು, ಚಪ್ಪಾಳೆ ಹೊಡೆದವರು ಇನ್ನೂರು. ಬೆಳಿಗ್ಗೆ ಬಂದು ಸಭಾಂಗಣ ಕಸ ಗುಡಿಸಿ, ಖುರ್ಚಿ ಒರೆಸಿ, ನೀರಿಟ್ಟ ಮುಗಳಖೋಡದ ಗುತ್ತಿಗೆ ಹೆಂಗಸರನ್ನು ಶುರುವಾಗುವ ಮುಂಚೆ ಹೊರಗೆ ಕಳಿಸಿದರು. ಅವರ ಪಾಸಿನ ಬಣ್ಣ ಬೇರೆ.

ಅದೇ ದಿನ ಮಾವಶಿ ಸಂಘದ ಕಾಗದಗಳನ್ನೆಲ್ಲ ತಯಾರು ಮಾಡಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ಗೇಟಿನಲ್ಲಿ ವಾಚ್‌ಮನ್ ತಡೆದ. ಒಳ್ಳೆಯ ಮನುಷ್ಯ. ಸುಳ್ಳು ಹೇಳಲು ಬರುವುದಿಲ್ಲ.

“ಇವತ್ತ ಬಿಡಾಕ ಬರೂದಿಲ್ಲ ಮಾವಶಿ.”

“ಯಾಕಪಾ? ಒಳಗ ಏನ ನಡದೈತಿ?”

“ಎಲ್ಲಾರನ್ನೂ ಒಳಗ ಕರಕೊಳ್ಳೂ ಮೀಟಿಂಗ್ ನಡದೈತಿ. ಅದ ಮುಗಿಯೂತನಕ ಯಾರನ್ನೂ ಒಳಗ ಬಿಡಬ್ಯಾಡ ಅಂದಾರ.”

ಬಾಗಿಲಿಲ್ಲದ ಕಾರ್ಖಾನೆ

ನಾನು ಜಗಳ ತೆಗೆದ ಮೇಲೆ ಮಾವಶಿಯ ಅರ್ಜಿ ಒಂದು ಮೆಟ್ಟಿಲು ಹತ್ತಿತು. ಸ್ಥಳ ತಪಾಸಣೆಗೆ ಕಂಪನಿಯಿಂದ ಒಬ್ಬ ಅಧಿಕಾರಿ ಹೊರಟ. ಜೊತೆಗೆ ನಾನೂ ಜೀಪು ಹತ್ತಿದೆ. ಅವನ ಕೈಯಲ್ಲಿ ನಾಲ್ಕು ಪುಟದ ಪ್ರಶ್ನೆಪಟ್ಟಿ.

ಮಾವಶಿಯ ಸಂಘ ಕೆಲಸ ಮಾಡುವುದು ಬೇವಿನ ಗಿಡದ ಕೆಳಗೆ. ಹತ್ತು ಹೆಂಗಸರು ಸುತ್ತ ಕುಳಿತು ಒಬ್ಬಳು ಚರ್ಮ ಕೊಯ್ದು, ಒಬ್ಬಳು ಪಟ್ಟಿ ಹೆಣೆದು, ಒಬ್ಬಳು ತಳ ಹೊಲಿಯುತ್ತಾರೆ. ಅಧಿಕಾರಿ ನಾಲ್ಕೂ ದಿಕ್ಕು ನೋಡಿದ.

“ತುರ್ತು ನಿರ್ಗಮನದ ಬಾಗಿಲ ಎಲ್ಲೈತಿ?”

ಮಾವಶಿಗೆ ನಾನು ಬಿಡಿಸಿ ಹೇಳಿದೆ: “ಬೆಂಕಿ ಬಿದ್ರ ಯಾ ಕಡಿಂದ ಓಡ್ತೀರಿ ಅಂತ ಕೇಳಾಕತ್ತಾರ.”

“ಯಾ ಕಡಿ ಬೇಕಾದ್ರೂ ಓಡ್ತೇವಿ. ಗ್ವಾಡಿನ ಇಲ್ಲಲ್ರಿ.”

ಅಧಿಕಾರಿ ಬರೆದುಕೊಂಡ: ‘ಬಾಗಿಲು ಇಲ್ಲ.’ ಸೂರು ಸೋರುತ್ತದೆಯೇ? ‘ಸೂರು ಇಲ್ಲ.’ ಗಾಳಿ ಬೆಳಕಿಗೆ ಕಿಟಕಿ ಎಷ್ಟು? ‘ಕಿಟಕಿ ಇಲ್ಲ.’ ಇಡೀ ಆಕಾಶದ ಕೆಳಗೆ ಕುಳಿತವರಿಗೆ ಗಾಳಿ ಬೆಳಕು ಸಾಲದೆಂದು ಸೊನ್ನೆ ಹಾಕಿದ.

ಅಷ್ಟರಲ್ಲಿ ಚಹಾ ಬಂತು. ಮಾವಶಿ ಮುಂಜಾನೆಯೇ ಹಾಲು ತೆಗೆದಿಟ್ಟು, ಹೊಸ ಕಪ್ಪು ತರಿಸಿದ್ದಳು. ನಾನು ತೆಗೆದುಕೊಂಡೆ. ಅಧಿಕಾರಿ ಎದೆಯ ಮೇಲೆ ಕೈ ಇಟ್ಟ.

“ಬ್ಯಾಡ್ರಿ, ನನಗ ಗ್ಯಾಸ್ಟ್ರಿಕ್ ಐತಿ.”

ಗ್ಯಾಸ್ಟ್ರಿಕ್ ಊರು ದಾಟುವವರೆಗೆ ಇತ್ತು. ಕಾಗವಾಡ ರಸ್ತೆಯ ಹೋಟೆಲಿನಲ್ಲಿ ಎರಡು ಪ್ಲೇಟು ಮಿರ್ಚಿ ಭಜಿ ತಿಂದು, ಎರಡು ಕಟ್ ಚಹಾ ಕುಡಿದ. ನಾನು ಅವನಿಗೆ ಅಲ್ಲೇ ನಾಲ್ಕು ಮಂದಿಯ ಮುಂದೆ ಏನು ಹೇಳಬೇಕೋ ಅದನ್ನು ಹೇಳಿದೆ. ಅದನ್ನು ಬರೆಯಲು ಬರುವುದಿಲ್ಲ. ಮಾವಶಿಗೆ ಮಾತ್ರ ಮರುದಿನ ಫೋನ್ ಮಾಡಿ, “ನಮ್ಮ ಕಂಪನ್ಯಾಗ ಯಾರೂ ಜಾತಿ ಕೇಳೂದಿಲ್ಲ ಅಂತ ಹುಕುಮಿನಾಗ ಬರದಾರ ಮಾವಶಿ, ನನಗ ನಾಚಿಕಿ ಬರಾಕತ್ತೈತಿ” ಎಂದೆ.

ಆಕೆ ನಕ್ಕಳು. “ಖರೇ ಬರದಾರ ತಮ್ಮಾ. ಅಂವ ಎಲ್ಲಿ ಕೇಳಿದ? ಕೇಳಲಾರದ ಗೊತ್ತ ಮಾಡ್ಕೊಂಡ.”

ಹೆಲ್ಮೆಟ್ಟಿನ ಬಣ್ಣ

ಪ್ರಶಸ್ತಿ ಕೊಡುವ ಮುಂಚೆ ಪರೀಕ್ಷೆಗೆಂದು ಮುಂಬೈಯ ಮೇಡಮ್ ಒಬ್ಬರು ಬಂದರು. ಪ್ರತಿ ವಿಭಾಗದಲ್ಲೂ ಹೆಂಗಸರು ಇದ್ದಾರೆಯೇ ಎಂದು ಅವರು ಕಣ್ಣಾರೆ ನೋಡಬೇಕಿತ್ತು. ಇದ್ದವರು ಕಸ ಗುಡಿಸುವ ಆ ಮುಗಳಖೋಡದವರು ಮಾತ್ರ. ಎಚ್ಚಾರ್ ಸಾಹೇಬರು ಉಪಾಯ ತೆಗೆದರು. ಬಾಯ್ಲರಿನಲ್ಲಿ ಅವರಿಗೆ ಹಳದಿ ಹೆಲ್ಮೆಟ್ ಹಾಕಿಸಿ ನಿಲ್ಲಿಸಿದರು. ಮೇಡಮ್ ನೋಡಿ ಮುಂದೆ ಹೋದ ಕೂಡಲೇ ಅವರು ಹಿಂದಿನ ದಾರಿಯಿಂದ ಓಡಿ ಪ್ಯಾಕಿಂಗಿಗೆ ಹೋಗಬೇಕು, ನೀಲಿ ಹೆಲ್ಮೆಟ್ ಹಾಕಬೇಕು. ಅಲ್ಲಿಂದ ಲ್ಯಾಬಿಗೆ, ಬಿಳಿ ಹೆಲ್ಮೆಟ್.

ಆ ಹೊತ್ತಿಗೆ ಸರಿಯಾಗಿ ಮಾವಶಿ ಅರ್ಜಿಯ ಸುದ್ದಿ ಕೇಳಲು ಗೇಟಿಗೆ ಬಂದಳು. ಒಬ್ಬ ಸೂಪರ್‌ವೈಸರ್ ಓಡಿಬಂದು ಆಕೆಯ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ. ತಲೆಗೆ ಕೆಂಪು ಹೆಲ್ಮೆಟ್ ಇಟ್ಟು ಎಲೆಕ್ಟ್ರಿಕಲ್ ವಿಭಾಗದಲ್ಲಿ ನಿಲ್ಲಿಸಿದ. ಚಪ್ಪಲಿಯ ಕಾಗದ ತಂದ ದಿನ ಗೇಟು ದಾಟಿಸದ ಕಂಪನಿ ಕರೆಂಟು ಕೊಡುವ ಕೆಲಸಕ್ಕೆ ಒಂದೇ ನಿಮಿಷದಲ್ಲಿ ಒಳಗೆ ಬಿಟ್ಟಿತು.

ಮೇಡಮ್ ಬಂದರು. ವಯಸ್ಸಾದ ಹೆಂಗಸನ್ನು ನೋಡಿ ಬಹಳ ಖುಷಿಯಾಗಿ ಮರಾಠಿಯಲ್ಲಿ ಕೇಳಿದರು, ಎಷ್ಟು ವರ್ಷದ ಅನುಭವ ಎಂದು. ಮಾವಶಿ ಅದೇ ಮರಾಠಿಯಲ್ಲಿ ಹೇಳಿದಳು, ನಲವತ್ತು ವರ್ಷ.

“ಇದೇ ಕೆಲಸದಲ್ಲಿಯೇ?”

“ಹೌದು. ಮೊದಲು ಎಮ್ಮೆ ಚರ್ಮ. ಈಗ ಮೇಕೆ ಚರ್ಮವೂ ಬರುತ್ತದೆ.”

ಮೇಡಮ್ ತಂತಿಗಳ ಕಡೆ ನೋಡಿದರು, ಮಾವಶಿಯ ಕಡೆ ನೋಡಿದರು. ಅವರ ಮುಖದಲ್ಲಿ ಸಂಶಯ ಮೂಡುವಷ್ಟರಲ್ಲಿ ಮುಗಳಖೋಡದ ಹೆಂಗಸರು ಏದುಸಿರು ಬಿಡುತ್ತ ಬಂದು ಸಾಲಾಗಿ ನಿಂತರು. ಅವರಲ್ಲಿ ಹಿರಿಯಳು ಸೊಂಟ ಹಿಡಿದುಕೊಂಡು ಮುಂದೆ ಬಂದಳು.

“ಬಾಯೀರ, ಇನ್ನ ಎಷ್ಟ ವಿಭಾಗ ನೋಡವರದೀರಿ? ಒಂದ ಕಡೆ ಕುಂತ್ಕೊರಿ. ನಾವ ಹೆಲ್ಮೆಟ್ ಬದಲಿಸಿ ಬದಲಿಸಿ ನಿಮ್ಮ ಮುಂದ ಬರ್ತೇವಿ. ಮೊಣಕಾಲ ನಿಂದ್ರವಲ್ವು.”

ದೊಡ್ಡ ಸಾಹೇಬರ ಎಡಗಾಲು

ಇಷ್ಟಾದರೂ ಪ್ರಶಸ್ತಿ ನಮಗೇ ಬಂತು. ಬೇರೆ ಕಾರ್ಖಾನೆಗಳಲ್ಲಿ ಹೆಲ್ಮೆಟ್ಟೂ ಇರಲಿಲ್ಲವಂತೆ. ಆದರೆ ಮೇಡಮ್ ಒಂದು ಷರತ್ತು ಹಾಕಿದ್ದರು. ಸಮಾರಂಭದಲ್ಲಿ ಮಾಲು ಕೊಡುವ ಒಬ್ಬ ದಲಿತ ಹೆಣ್ಣುಮಗಳಿಗೆ ವೇದಿಕೆಯ ಮೇಲೆ ಸತ್ಕಾರವಾಗಬೇಕು. ಯಾದಿಯಲ್ಲಿ ಅಂಥವರು ಯಾರೂ ಇಲ್ಲದ್ದರಿಂದ ಸಾಹೇಬರಿಗೆ ಮಾವಶಿ ನೆನಪಾದಳು.

“ಯಾದಿಯಾಗ ಹೆಸರ ಹಾಕಿದ್ರೇನ್ರಿ?” ಎಂದು ಆಕೆ ಕೇಳಿದಳು.

“ಮೊದಲ ಸತ್ಕಾರ ಆಗ್ಲಿ. ಯಾದಿ ಆಮ್ಯಾಲ ನೋಡೂಣು.”

ಏಪ್ರಿಲ್ ತಿಂಗಳು. ಮಧ್ಯಾಹ್ನದ ಬಿಸಿಲಿಗೆ ಕಾರ್ಖಾನೆಯ ಅಂಗಳದ ಡಾಂಬರು ಹೆಂಚಿನ ಹಾಗೆ ಕಾದಿತ್ತು. ದೊಡ್ಡ ಸಾಹೇಬರು ಪೆಂಡಾಲಿಗೆ ಬಂದು, ಬೂಟು ಕಳೆದು ದೀಪ ಹಚ್ಚಿದರು. ಡ್ರೈವರ್ ಬೂಟನ್ನು ಕಾರಿನಲ್ಲಿಟ್ಟ. ಅದೇ ಕಾರನ್ನು ಖರೀದಿ ಸಾಹೇಬರು ಮರೆತ ಶಾಲು ತರಲು ಚಿಕ್ಕೋಡಿಗೆ ಕಳಿಸಿದರು. ದೊಡ್ಡ ಸಾಹೇಬರಿಗೆ ಬರಿಗಾಲು ಬೇಡವೆಂದು ಕೊಲ್ಲಾಪುರದಿಂದ ಬಂದ ಕಾಣಿಕೆ ಚಪ್ಪಲಿಯ ಡಬ್ಬಿ ಒಡೆದು ಒಂದು ಜೋಡಿ ತೊಡಿಸಿದರು. ‘ಸ್ಥಳೀಯ ಕುಶಲಕರ್ಮಿಗಳ ಕೊಡುಗೆ’ ಎಂದು ಮೈಕಿನಲ್ಲಿ ಹೇಳಿದರು. ಫೋಟೋ ಹೊಡೆದರು.

ವೇದಿಕೆಯ ತುದಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಮಾವಶಿ ಮುಂದಕ್ಕೆ ಬಾಗಿ ಆ ಕಾಲುಗಳನ್ನೇ ನೋಡಿದಳು. ನನ್ನ ತೋಳು ಹಿಡಿದಳು.

“ತಮ್ಮಾ, ಆ ಸಾಹೇಬ್ರು ನಡೀತಾರೇನು?”

“ಕಾಲ ಅದಾವು, ನಡೀತಾರ. ಯಾಕ?”

“ನಡೀಬಾರದಪಾ. ಅವು ನಮ್ಮ ಹೊಸಾ ಸೊಸಿ ಕಲಿಯಾಕಂತ ಹೊಲದಿದ್ದವು. ಒಗೀಬೇಕಂತ ಮೂಲ್ಯಾಗ ಇಟ್ಟಿದ್ನಿ. ಮಾಲ ಕಡಿಮಿ ಬಿತ್ತಂತ ಹೇಳಿ ವ್ಯಾಪಾರಿ ಅವನ್ನೂ ಚೀಲಕ್ಕ ತುಂಬ್ಕೊಂಡ ಹೋದ.”

“ಇಷ್ಟ ದೂರಿಂದ ಹೆಂಗ ಗೊತ್ತಾತು ನಿನಗ?”

“ಸೊಸಿ ಮಾಡಿದ ಕೆಲಸ ಅತ್ತಿಯಾದಾಕಿಗೆ ಎಷ್ಟ ದೂರಿಂದ್ರೂ ಗೊತ್ತಾಗತೈತಿ.”

ನಾನು ಏಳುವಷ್ಟರಲ್ಲಿ ದೊಡ್ಡ ಸಾಹೇಬರು ಭಾಷಣದ ಕೊನೆಗೆ ಬಂದಿದ್ದರು. “ನಾವು ಎಲ್ಲರನ್ನೂ ಜೊತೆಗೆ ಕರೆದುಕೊಂಡು ಮುಂದೆ ಹೆಜ್ಜೆ ಇಡುತ್ತೇವೆ” ಎಂದು ಹೇಳಿ ಒಂದು ಹೆಜ್ಜೆ ಇಟ್ಟೂ ತೋರಿಸಿದರು. ಸಾಹೇಬರು ಮುಂದೆ ಬಂದರು. ಎಡಗಾಲ ಚಪ್ಪಲಿಯ ತಳ ಹಿಂದೆ ಉಳಿಯಿತು.

ಮುಂದಿನ ಕಾರ್ಯಕ್ರಮ ಅಂಗಳ ದಾಟಿ ಹೊಸ ಲಾರಿಗೆ ಹಸಿರು ನಿಶಾನೆ ತೋರಿಸುವುದು. ಬೂಟು ಚಿಕ್ಕೋಡಿಯಲ್ಲಿದೆ. ಖರೀದಿ ಸಾಹೇಬರು ಇನ್ನೊಂದು ಡಬ್ಬಿ ಒಡೆದರು, ಅದರಲ್ಲಿದ್ದದ್ದು ಸಾಹೇಬರ ಹೆಬ್ಬೆರಳಿಗಷ್ಟೇ ಸಾಲುತ್ತಿತ್ತು. ಕೊನೆಗೆ ಮಾವಶಿಯ ಹತ್ತಿರ ಓಡಿಬಂದರು. ಮೊಟ್ಟಮೊದಲ ಬಾರಿಗೆ ಆಕೆಯನ್ನು ಮಾವಶಿ ಎಂದರು.

“ಮಾವಶೀ, ಲಗೂನ ಒಂದೀಟ ಹೊಲದ ಕೊಡ್ರಿ.”

ಮಾವಶಿಯ ಬಗಲಚೀಲದಲ್ಲಿ ದಬ್ಬಣ, ದಾರ ಯಾವಾಗಲೂ ಇರುತ್ತವೆ. ಆಕೆ ಚೀಲದ ಬಾಯಿ ಬಿಚ್ಚಲಿಲ್ಲ.

“ಯಾದಿಯಾಗ ಹೆಸರ ಹಾಕ್ರಿ. ಹೊಲೀತೇನಿ.”

“ಈಗ ಎಲ್ಲೀ ಯಾದಿ! ನಾಳೆ ಹಾಕ್ತೇನಿ, ದೇವರಾಣಿ!”

“ಹಂಗಾದ್ರ ನಾಳೆ ಹೊಲೀತೇನಿ.”

ದೊಡ್ಡ ಸಾಹೇಬರು ಕೊಕ್ಕರೆಯ ಹಾಗೆ ಒಂಟಿಗಾಲಲ್ಲಿ ಮೈಕು ಹಿಡಿದು ನಿಂತು, ಏನು ನಡೆದಿದೆ ಎಂದು ಹಿಂದಿಯಲ್ಲಿ ಕೇಳಿದರು. ಇಂಥ ಅವಕಾಶಕ್ಕಾಗಿ ನಾನು ಹುಟ್ಟಿದಾಗಿನಿಂದ ಕಾಯುತ್ತಿದ್ದೆ. ಮೈಕು ಇಸಿದುಕೊಂಡು, ಅದೇ ಹಿಂದಿಯಲ್ಲಿ, ಚಪ್ಪಲಿ ಯಾವ ಓಣಿಯಿಂದ ಹೊರಟು ಯಾವ ಗಡಿ ಸುತ್ತಿ ಅವರ ಕಾಲಿಗೆ ಬಂತು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಪೆಂಡಾಲಿನ ಹಿಂದಿನಿಂದ ಮುಗಳಖೋಡದ ಹೆಂಗಸರು ಸಿಳ್ಳೆ ಹೊಡೆದರು. ದೊಡ್ಡ ಸಾಹೇಬರು ಖರೀದಿ ಸಾಹೇಬರ ಕಡೆ ಒಮ್ಮೆ ನೋಡಿದರು, ಅಷ್ಟೇ.

ವೇದಿಕೆಯ ಮೇಲೆ ಲ್ಯಾಪ್‌ಟಾಪ್ ಬಂತು. ಬಾಗಿಲಿಲ್ಲ, ಸೂರಿಲ್ಲ, ಗಂಡಸಿಲ್ಲ ಎಂಬ ಎಲ್ಲ ಕೊರತೆಯೂ ಎಂಟು ನಿಮಿಷದಲ್ಲಿ ನೀಗಿತು. ಮಾವಶಿಯ ಮೊಬೈಲಿಗೆ ಯಾದಿಯ ನಂಬರು ಬಂತು. ಆಕೆ ನನ್ನ ಕೈಯಿಂದ ಅದನ್ನು ಮೈಕಿನಲ್ಲಿ ಎರಡು ಸಲ ಓದಿಸಿದಳು. ಆಮೇಲೆ ಕಾಗದ ಕೇಳಿದಳು. ಕಾಗದ ಬಂದ ಮೇಲೆ ಕಂಪನಿಯ ಮೊಹರಿನ ಸಿಕ್ಕಾ ಎಲ್ಲಿ ಎಂದಳು. ಸಿಕ್ಕಾ ಹೊಡೆಸಿಕೊಂಡು, ಕಾಗದವನ್ನು ಮಡಚಿ ಚೀಲದೊಳಗೆ ಹಾಕಿ, ಅದೇ ಚೀಲದಿಂದ ದಬ್ಬಣ ತೆಗೆದಳು.

ಖರೀದಿ ಸಾಹೇಬರು ದೊಡ್ಡ ಸಾಹೇಬರ ಕಾಲಿನ ಹತ್ತಿರ ನೆಲ ತೋರಿಸಿದರು. ಮಾವಶಿ ನೆಲದ ಕಡೆ ನೋಡಲೇ ಇಲ್ಲ. ಖಾಲಿಯಿದ್ದ ದೊಡ್ಡ ಸಾಹೇಬರ ಖುರ್ಚಿಯಲ್ಲಿ ಹೋಗಿ ಕುಳಿತಳು. ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೊಸೆಯ ಹೊಲಿಗೆಯನ್ನೆಲ್ಲ ಕಿತ್ತು, ಹೊಸದಾಗಿ ಹೊಲಿದಳು. ಕಂಪನಿಯ ಧಣಿ ಆಕೆಯ ಪಕ್ಕ ಒಂಟಿಗಾಲಲ್ಲಿ ಕಾದು ನಿಂತಿದ್ದರು. ಚಿಕ್ಕೋಡಿಯ ಫೋಟೋದವನು ಯಾರೂ ಹೇಳದೆಯೇ ಫೋಟೋ ಹೊಡೆದ. ಆ ವರ್ಷ ತೆಗೆದ ಫೋಟೋಗಳಲ್ಲಿ ಇದ್ದದ್ದು ಇದ್ದಂತೆ ಬಂದದ್ದು ಅದೊಂದೇ. ಪೋಸ್ಟರಿಗೆ ಮಾತ್ರ ಅದನ್ನು ಹಾಕಲಿಲ್ಲ.

ಚಪ್ಪಲಿ ಕೊಟ್ಟಳು. ದೊಡ್ಡ ಸಾಹೇಬರು ಮೆಟ್ಟಿಕೊಂಡು, ಎಡಗಾಲನ್ನು ಎರಡು ಸಲ ನೆಲಕ್ಕೆ ಒತ್ತಿ ನೋಡಿ, ಇನ್ನು ಧೈರ್ಯವಾಗಿ ನಡೆಯಬಹುದೇ ಎಂದು ಕೇಳಿದರು.

“ನಡೀರಿ ಸಾಹೇಬ್ರ” ಎಂದಳು ಮಾವಶಿ. “ಆ ಕಾಲಿಂದು ಹತ್ತ ವರ್ಷ ಏನೂ ಆಗೂದಿಲ್ಲ. ಆದ್ರ ಬಲಗಾಲಿಂದೂ ನಮ್ಮ ಸೊಸೀನ ಹೊಲದಾಳ.”